ಮಗಳಿಗೊಂದು ಪತ್ರ: ನಾನು ಮೊದಲು ಕೇಳಬೇಕಾಗಿದ್ದ ಪ್ರಶ್ನೆ

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ಫೋನಿನಲ್ಲಿ ನಾನಾಡಿದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಮುಟ್ಟು ಒಂಬತ್ತು ದಿನ ತಡವಾಗಿದೆ ಎಂದು ನೀನಾಗಿಯೇ ಹೇಳಿದೆ. ನಿನ್ನ ವಯಸ್ಸಿನಲ್ಲಿ ನಾನು ನನ್ನ ತಾಯಿಯೆದುರು ಆ ವಿಷಯವನ್ನೇ ಎತ್ತುತ್ತಿರಲಿಲ್ಲ. ಆ ಧೈರ್ಯವನ್ನು ಮೆಚ್ಚುವುದನ್ನು ಬಿಟ್ಟು ನಾನು ವಿಚಾರಣೆಗೆ ನಿಂತೆ. ತಪ್ಪು ನನ್ನದು, ಕ್ಷಮಿಸು.

ನೀನು ‘ಒಂಬತ್ತು ದಿನ’ ಎಂದ ಕೂಡಲೇ ನನ್ನ ಕಣ್ಣಿಗೆ ಕಟ್ಟಿದ್ದು ನಿನ್ನ ದೊಡ್ಡಮ್ಮ ಭುಜ ಹಿಡಿದುಕೊಂಡು ಕುಳಿತಿದ್ದ ದೃಶ್ಯ. ಅವಳ ಹೊಟ್ಟೆಯ ಮೇಲಿನ ಹೊಲಿಗೆಯ ಗುರುತನ್ನಷ್ಟೇ ನೀನು ಕಂಡಿದ್ದೀಯೆ. ಮದುವೆಯಾದ ಹೊಸದರಲ್ಲಿ ಅವಳಿಗೆ ಮುಟ್ಟು ಎರಡು ವಾರ ತಡವಾಗಿ, ಆಮೇಲೆ ಸ್ವಲ್ಪ ಕಂದು ಬಣ್ಣದ ಸ್ರಾವ ಕಾಣಿಸಿಕೊಂಡಿತು. ಮುಟ್ಟು ಬಂತೆಂದು ಅವಳು ಸಮಾಧಾನಪಟ್ಟುಕೊಂಡಳು. ಹೊಟ್ಟೆಯ ಒಂದು ಬದಿ ನೋಯುತ್ತಿತ್ತು, ಅದನ್ನೂ ಮುಟ್ಟಿನ ನೋವೆಂದೇ ಬಗೆದಳು. ಮೂರನೆಯ ದಿನ ಭುಜದ ತುದಿ ನೋಯತೊಡಗಿದಾಗ ಭಾರ ಎತ್ತಿದ್ದರಿಂದ ಇರಬೇಕೆಂದು ಎಣ್ಣೆ ಹಚ್ಚಿದವಳು ನಾನೇ. ಆ ಎಣ್ಣೆಯ ಕೈಯನ್ನು ನಾನಿನ್ನೂ ಮರೆತಿಲ್ಲ. ಸಂಜೆಯ ಹೊತ್ತಿಗೆ ಅವಳು ತಲೆಸುತ್ತಿ ಬಿದ್ದಳು. ಗರ್ಭಕೋಶದಲ್ಲಿ ನೆಲೆಗೊಳ್ಳಬೇಕಾಗಿದ್ದ ಗರ್ಭ, ಅಂಡ ಗರ್ಭಕೋಶಕ್ಕೆ ಸಾಗಿಬರುವ ಗರ್ಭನಾಳದಲ್ಲೇ ಬೆಳೆದು, ನಾಳ ಒಡೆದು, ಹೊಟ್ಟೆಯೊಳಗೆ ರಕ್ತ ತುಂಬಿಕೊಂಡಿತ್ತು. ಆ ರಕ್ತ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪದರವಾದ ವಪೆಯನ್ನು ಕೆರಳಿಸಿದಾಗ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆಂದು ವೈದ್ಯರು ಹೇಳಿದ ಮೇಲೆಯೇ ನನಗೆ ತಿಳಿದದ್ದು. ಒಂದು ನಾಳವನ್ನು ತೆಗೆದರು, ಜೀವ ಉಳಿಯಿತು. ಆ ಮೂರು ದಿನಗಳಲ್ಲಿ ‘ಕೊನೆಯ ಮುಟ್ಟು ಯಾವಾಗ ಆಗಿತ್ತು’ ಎಂದು ಮನೆಯಲ್ಲಿ ಒಬ್ಬರೂ ಅವಳನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಒಂದೇ ಕೋಣೆಯಲ್ಲಿ ಮಲಗುತ್ತಿದ್ದವಳು.

ನಿನಗೂ ಹಾಗೆಯೇ ಆಗುತ್ತದೆಂದು ನಾನು ಹೇಳುತ್ತಿಲ್ಲ. ತಡವಾದ ಮುಟ್ಟುಗಳಲ್ಲಿ ಅಂಥದ್ದು ತೀರ ಅಪರೂಪ. ಆದರೂ ಒಂದು ಬದಿಯ ತೀವ್ರ ನೋವು, ಭುಜದ ತುದಿಯ ನೋವು, ತಲೆಸುತ್ತು, ಇವುಗಳಲ್ಲಿ ಯಾವುದು ಕಂಡರೂ ನನಗೆ ಫೋನ್ ಮಾಡಲೂ ಕಾಯದೆ ಆಸ್ಪತ್ರೆಗೆ ಹೋಗು. ಯಾವಾಗಿನಂತಿರದೆ ತೀರ ಕಡಿಮೆ ಸ್ರಾವವಾದರೆ ಅದನ್ನು ಮುಟ್ಟೆಂದು ಲೆಕ್ಕಕ್ಕೆ ಹಿಡಿಯಬೇಡ.

ಇನ್ನು ದಿನಗಳ ವಿಷಯ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರ ಮೊದಲ ದಿನಕ್ಕೆ 21ರಿಂದ 35 ದಿನಗಳ ಅಂತರವಿದ್ದರೆ ಅದು ಸಾಮಾನ್ಯವೇ. ಅಂಡ ಬಿಡುಗಡೆಯಾದ ಸುಮಾರು 14 ದಿನಗಳಿಗೆ ಮುಟ್ಟಾಗುವುದರಿಂದ, ನಿದ್ದೆಗೆಟ್ಟ ಕೆಲಸ, ಚಿಂತೆ, ಜ್ವರ, ಬೇಗನೆ ತೂಕ ಇಳಿಯುವುದು ಮುಂತಾದ ಕಾರಣಗಳಿಂದ ಅಂಡದ ಬಿಡುಗಡೆ ಹಿಂದೆ ಬಿದ್ದರೆ ಮುಟ್ಟೂ ಅಷ್ಟೇ ಹಿಂದೆ ಬೀಳುತ್ತದೆ. ಥೈರಾಯ್ಡ್ ತೊಂದರೆಯಿಂದಲೂ, ಪಿಸಿಓಎಸ್ ಎಂಬ ಹಾರ್ಮೋನುಗಳ ಏರುಪೇರಿನಿಂದಲೂ ಹೀಗಾಗಬಹುದು. ತುರ್ತು ಗರ್ಭನಿರೋಧಕ ಮಾತ್ರೆ ನುಂಗಿದ್ದರೂ ಕೆಲವು ದಿನ ಹೆಚ್ಚುಕಡಿಮೆಯಾಗುತ್ತದೆ. ಇದನ್ನೆಲ್ಲ ನಿನಗೆ ಹದಿಮೂರು ತುಂಬಿದಾಗಲೇ ಹೇಳಬೇಕಾಗಿತ್ತು. ಆಗ ಬಟ್ಟೆಯ ಕಲೆ ತೊಳೆಯುವುದನ್ನಷ್ಟೇ ಕಲಿಸಿದೆ.

ಊಹೆಯಲ್ಲಿ ಇನ್ನೊಂದು ರಾತ್ರಿ ಕಳೆಯಬೇಡ. ಗರ್ಭ ನಿಂತಿದ್ದರೆ ಎಚ್‌ಸಿಜಿ ಎಂಬ ಹಾರ್ಮೋನು ಮೂತ್ರದಲ್ಲಿ ಸೇರುತ್ತದೆ, ಮನೆಯಲ್ಲಿ ಮಾಡಿಕೊಳ್ಳುವ ಕಿಟ್ ಅದನ್ನೇ ಹುಡುಕುತ್ತದೆ. ಒಂಬತ್ತು ದಿನ ತಡವಾಗಿರುವಾಗ ಅದರ ಫಲಿತಾಂಶವನ್ನು ಬಹುಮಟ್ಟಿಗೆ ನಂಬಬಹುದು. ನಾಳೆ ಬೆಳಗಿನ ಮೊದಲ ಮೂತ್ರದಿಂದ ನೋಡು, ಪೊಟ್ಟಣದ ಮೇಲೆ ಬರೆದಿರುವಷ್ಟೇ ನಿಮಿಷ ಕಾದು ಓದು. ಎರಡು ಗೆರೆ ಮೂಡಿದರೆ ಗರ್ಭ ನಿಂತಿದೆ ಎಂದರ್ಥ. ಎರಡನೆಯ ಗೆರೆ ಮಸುಕಾಗಿದ್ದರೂ ಅದನ್ನು ಗೆರೆಯೆಂದೇ ತಿಳಿದು ವೈದ್ಯರ ಬಳಿ ಹೋಗು. ಎರಡನೆಯ ಗೆರೆ ಬಾರದೆ ಮುಟ್ಟೂ ಆಗದಿದ್ದರೆ ಒಂದು ವಾರ ಬಿಟ್ಟು ಮತ್ತೆ ನೋಡು, ಏಕೆಂದರೆ ಅಂಡ ತಡವಾಗಿ ಬಿಡುಗಡೆಯಾಗಿದ್ದರೆ ಹಾರ್ಮೋನು ಇನ್ನೂ ಸಾಕಷ್ಟು ಸೇರಿರುವುದಿಲ್ಲ. ಯಾರೋ ಹೇಳಿದರೆಂದು ಮುಟ್ಟು ಬರಿಸುವ ಮಾತ್ರೆಯನ್ನು ಮಾತ್ರ ನುಂಗಬೇಡ. ಗರ್ಭ ಇದೆಯೇ, ಇದ್ದರೆ ಎಲ್ಲಿದೆ ಎಂದು ತಿಳಿಯುವ ಮುನ್ನ ಯಾವ ಮಾತ್ರೆಯೂ ಬೇಡ.

ಗರ್ಭವಿದ್ದರೆ ವೈದ್ಯರು ಸುಮಾರು ಐದು ವಾರವೆನ್ನಬಹುದು, ಗಾಬರಿಯಾಗಬೇಡ. ಅವರು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ, ಗರ್ಭ ನಿಂತು ನಿಜವಾಗಿ ಸುಮಾರು ಮೂರು ವಾರವಾಗಿರುತ್ತದಷ್ಟೇ. ಮುಂದೇನೆಂಬ ನಿರ್ಧಾರ ನಿನ್ನದು. ಈ ಸಾಲನ್ನು ಬರೆಯಲು ನನಗೆ ಬಹಳ ಹೊತ್ತು ಹಿಡಿಯಿತು, ಆದರೂ ಬರೆದಿದ್ದೇನೆ, ಅಳಿಸುವುದಿಲ್ಲ.

ಮತ್ತೆ ಉಪದೇಶವೇ ಆಯಿತು, ನನಗೆ ಗೊತ್ತು. ನಾಳೆ ಬೆಳಿಗ್ಗೆ ಫಲಿತಾಂಶ ಏನೇ ಬಂದರೂ ಫೋನ್ ಮಾಡು. ಯಾರು, ಯಾವಾಗ ಎಂದು ಕೇಳುವುದಿಲ್ಲ. ಎಲ್ಲಾದರೂ ನೋವಿದೆಯೇ ಎಂದು ಕೇಳುತ್ತೇನೆ, ಭುಜದಲ್ಲಿ ಇದೆಯೇ ಎಂದೂ ಕೇಳುತ್ತೇನೆ. ಅದಕ್ಕೆ ಬೇಸರಪಡದೆ ಉತ್ತರ ಕೊಡು.

ನಿನ್ನ,
ಅಮ್ಮ