ಯಾಕೋಬ ಕೊಟ್ಟ ಎರಡು ಉತ್ತರ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ‘ನಾನು ಯಾರು’ ಎಂಬ ಪ್ರಶ್ನೆಯ ಕುರಿತ ಲೇಖನ ಓದಿದೆ. ಬೈಬಲ್‌ನ ಕಥೆಯಲ್ಲಿ ಯಬ್ಬೋಕ್ ಹೊಳೆಯ ಬಳಿ ಇಸಾಕನ ಕಿರಿಮಗ ಯಾಕೋಬನು ಇರುಳಿಡೀ ದೇವರೊಡನೆ ಹೋರಾಡಿ ಗೆದ್ದು, ಇಸ್ರಾಯೇಲನೆಂಬ ಹೆಸರು ಪಡೆದನೆಂದು ಬರೆದಿದ್ದಾರೆ. ಗೆದ್ದನೆಂದು ಬೈಬಲ್‌ನಲ್ಲೇ ಇದೆ, ನಿಜ. ಆದರೆ ಅದಕ್ಕೆ ಮೊದಲು ಅವನಿಗೆ ಕೇಳಿದ ಪ್ರಶ್ನೆಯನ್ನು ಲೇಖಕರು ಬಿಟ್ಟೇ ಬಿಟ್ಟಿದ್ದಾರೆ.

ನಾನು ಮಂಗಳೂರಿನಲ್ಲಿ ಹೋಂ ನರ್ಸ್. ಊರು ಕಾರ್ಕಳದ ಕಡೆ. ಮನೆದೈವಕ್ಕೆ ಕೈಮುಗಿದು ಬೆಳೆದವಳು. ಬಲ್ಮಠದ ಮನೆಯೊಂದರಲ್ಲಿ ದೃಷ್ಟಿ ಕಳೆದುಕೊಂಡ ನಿವೃತ್ತ ಶಿಕ್ಷಕಿಯೊಬ್ಬರಿಗೆ ಸಂಜೆ ಬೈಬಲ್ ಓದಿ ಹೇಳುತ್ತೇನೆ. ಯಾರೇ ಮಂಚದ ಬಳಿ ಬಂದು ನಿಂತರೂ ಟೀಚರಮ್ಮ ಮೊದಲು ಕೈ ಹಿಡಿಯುತ್ತಾರೆ. ಬೆರಳಿನಿಂದ ಮಣಿಕಟ್ಟಿನವರೆಗೆ ಸವರಿ, ಬಳೆಯನ್ನೋ ಗಡಿಯಾರವನ್ನೋ ಮುಟ್ಟಿ ನೋಡಿ, ಆಮೇಲೆ ಹೆಸರು ಹೇಳುತ್ತಾರೆ. ಹೀಗಾಗಿ ಬೈಬಲ್‌ನ ಮೊದಲ ಪುಸ್ತಕವಾದ ಆದಿಕಾಂಡದ 27ನೇ ಅಧ್ಯಾಯ ಓದುವಾಗ ನನಗೆ ಕರುಳು ಕಿವುಚಿದಂತಾಗುತ್ತದೆ. ಕಣ್ಣು ಮಬ್ಬಾದ ಇಸಾಕನೂ ಹಾಗೆಯೇ ಮಗನ ಕೈ ಸವರುತ್ತಾನೆ. ಮೈತುಂಬ ಕೂದಲಿದ್ದ ಅಣ್ಣ ಏಸಾವನಂತೆ ತೋರಲು ಕೈಗೆ ಆಡುಮರಿಯ ತೊಗಲು ಸುತ್ತಿಕೊಂಡು, ಅವನ ಬಟ್ಟೆ ತೊಟ್ಟು ನಿಂತ ಯಾಕೋಬ, ‘ನೀನು ಯಾರು?’ ಎಂದ ತಂದೆಗೆ ‘ನಾನು ಏಸಾವ, ನಿನ್ನ ಹಿರಿಮಗ’ ಎಂದುಬಿಡುತ್ತಾನೆ. ಅಣ್ಣನಿಗೆ ಸಿಗಬೇಕಿದ್ದ ಆಶೀರ್ವಾದವೂ ಅವನಿಗೆ ದಕ್ಕುತ್ತದೆ.

20 ವರ್ಷ ಮಾವನ ಮನೆಯಲ್ಲಿ ದುಡಿದು ಹಿಂದಿರುಗುವಾಗ, ಕತ್ತಲಲ್ಲಿ ಅವನನ್ನು ಹಿಡಿದವನು ಕೇಳುವುದೂ ಅದನ್ನೇ: ‘ನಿನ್ನ ಹೆಸರೇನು?’ ಈ ಸಲ ಅವನು ‘ಯಾಕೋಬ’ ಎನ್ನುತ್ತಾನೆ. ಹೊಸ ಹೆಸರು ಬರುವುದು ಆಮೇಲೆ, ತೊಡೆಯ ಕೀಲು ತಪ್ಪಿದ ಮೇಲೆ. ಹಿಂದಿನ ದಿನ ಅಣ್ಣನಿಗೆ ಹೆದರಿ ಉಡುಗೊರೆಯ ಮಂದೆಗಳನ್ನೆಲ್ಲ ಮುಂದೆ ಕಳುಹಿಸಿ ತಾನು ಹಿಂದೆ ಉಳಿದಿದ್ದವನು, ಬೆಳಗಾದಾಗ ಕುಂಟುತ್ತಲೇ ಹೆಂಡಿರು ಮಕ್ಕಳಿಗಿಂತ ಮುಂದೆ ಹೋಗಿ ಅಣ್ಣನಿಗೆ ಏಳು ಸಲ ಅಡ್ಡಬೀಳುತ್ತಾನೆ. ಇದನ್ನು ಬರಿಯ ಗೆಲುವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಲೇಖನದಲ್ಲಿ ಹಾಗರಳ ಸುದ್ದಿಯೇ ಇಲ್ಲ. ಅವಳು ಯಾಕೋಬನ ಅಜ್ಜ ಅಬ್ರಾಮನ ಮನೆಯಲ್ಲಿ ದುಡಿಯುತ್ತಿದ್ದವಳು. ಅಬ್ರಾಮನಾಗಲಿ ಅವನ ಹೆಂಡತಿ ಸಾರಯಳಾಗಲಿ ಅವಳನ್ನು ‘ದಾಸಿ’ ಎನ್ನುತ್ತಾರೆಯೇ ಹೊರತು ಒಮ್ಮೆಯೂ ಹೆಸರು ಹಿಡಿದು ಕರೆಯುವುದಿಲ್ಲ. ಬಸುರಿ ಹೆಂಗಸು ಯಜಮಾನಿ ಸಾರಯಳ ಕಾಟ ತಾಳಲಾರದೆ ಮನೆ ಬಿಟ್ಟು ಓಡಿ ಅಡವಿಯ ಒರತೆಯ ಬಳಿ ಇದ್ದಾಗ ದೇವದೂತನು ಹೆಸರು ಹಿಡಿದು, ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಎಂದು ವಿಚಾರಿಸುತ್ತಾನೆ. ಅವಳು ದೇವರಿಗೇ ಹೆಸರಿಡುತ್ತಾಳೆ: ನನ್ನನ್ನು ನೋಡುವ ದೇವರು. ಆದರೆ ‘ಯಜಮಾನಿಯ ಬಳಿಗೇ ಹಿಂದಿರುಗು’ ಎಂದು ದೂತನು ಹೇಳುವ ಮಾತು ನನಗೆ ಇಂದಿಗೂ ಗಂಟಲಿನಿಂದ ಇಳಿಯುವುದಿಲ್ಲ. ತಿಳಿದವರಿಂದ ಅದರ ಬಗ್ಗೆ ಒಂದು ಲೇಖನ ಬರೆಸಿ. ಪರರ ಮನೆಯಲ್ಲಿ ದುಡಿಯುವ ನಮ್ಮಂಥವರು ಓದುತ್ತೇವೆ.

– ಓದುಗರೊಬ್ಬರು, ಮಂಗಳೂರು