ಮೇಷ್ಟ್ರಿಗೊಂದು ಪತ್ರ: 25 ಸಾವಿರ ಸಾಲುತ್ತಾ?

ಲೋ ಮೇಷ್ಟ್ರೇ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಹಿಂದೆ ಕರು ಕೂಗ್ತಿತ್ತು, ಮುಂದೆ ನೀನು ಕೂಗ್ತಿದ್ದೆ. ನಿನ್ನ ಅಕ್ಕನ ಮಗನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿದೆ, ತಿಂಗಳಿಗೆ 25 ಸಾವಿರ ಅಂತೆ, ಒಬ್ಬನಿಗೆ ಸಾಲುತ್ತಾ ಅನ್ನೋದಷ್ಟು ಅರ್ಥ ಆಯ್ತು. ಫೋನಲ್ಲೇ ಹೇಳಬಹುದಿತ್ತು, ಆದ್ರೆ ನೀನು ಫೋನ್ ಎತ್ತೋದು ಅಮಾವಾಸ್ಯೆಗೊಮ್ಮೆ. ಅದಕ್ಕೇ ನಾಲ್ಕು ಜನರ ಮುಂದೆ ಬರೀತಿದೀನಿ, ನಾನೆಷ್ಟು ದೊಡ್ಡ ಲೆಕ್ಕಿಗ ಅಂತ ಅವರೂ ತಿಳ್ಕೊಳ್ಳಲಿ. ಪಿಯುಸಿ ಗಣಿತದ ವಿಷಯ ನೀನೇನಾದ್ರೂ ಎತ್ತಿದ್ರೆ ನೀಲಿ ಛತ್ರಿ ಕಥೆ ನಾನೂ ಎತ್ತಬೇಕಾಗುತ್ತೆ, ನೋಡ್ಕೋ.

ಮೊದಲು ಹುಡುಗನ್ನ ಕೇಳು, 25 ಅನ್ನೋದು ಸಿಟಿಸಿನಾ, ಅಂದ್ರೆ ಕಂಪನಿ ಇವನಿಗೆ ಅಂತ ಮಾಡೋ ಒಟ್ಟು ಖರ್ಚಾ, ಇಲ್ಲಾ ಕೈಗೆ ಬರೋದಾ ಅಂತ. ಸಿಟಿಸಿ ಆಗಿದ್ರೆ ಕಂಪನಿ ಕಟ್ಟೋ ಪಿಎಫ್ 1,800, ಇವನ ಪಾಲಿನ 1,800, ಎರಡೂ ಅದರೊಳಗಿಂದಲೇ ಹೋಗುತ್ತೆ. ಕೈಗೆ ಹೆಚ್ಚುಕಡಿಮೆ 21,400. ಊರಲ್ಲಿ ಅಕ್ಕ 25 ಅಂತ ಹೇಳ್ಕೊಂಡು ಓಡಾಡ್ತಾಳೆ, ಇಲ್ಲಿ ಇವನು ತಿಂಗಳ ಕೊನೆಗೆ ತಲೆ ಕೆರ್ಕೊಳ್ತಾನೆ. ಒಂದು ಸಮಾಧಾನ, ಸಂಬಳ 25 ಸಾವಿರಕ್ಕಿಂತ ಕಡಿಮೆ ಇದ್ರೆ ಪ್ರೊಫೆಷನಲ್ ಟ್ಯಾಕ್ಸ್ ಇಲ್ಲ. 25 ಮುಟ್ಟಿದವರಿಗೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300. ಅತಿ ಚಿಕ್ಕ ತಿಂಗಳಿಗೇ ಅತಿ ಹೆಚ್ಚು ತೆರಿಗೆ ಹಾಕಬೇಕು ಅಂತ ಯಾವ ಪುಣ್ಯಾತ್ಮನಿಗೆ ಹೊಳೀತೋ. ಇನ್‌ಕಮ್ ಟ್ಯಾಕ್ಸ್ ಚಿಂತೆ ಬೇಡ. 12 ಲಕ್ಷದವರೆಗೂ ಕಟ್ಟೋ ಹಾಗಿಲ್ಲ ಅಂತ 2025ರ ಬಜೆಟ್‌ನಲ್ಲಿ ಹೇಳಿದ ದಿನ ನಮ್ಮ ಆಫೀಸಲ್ಲಿ ಎಲ್ಲರೂ ಚಪ್ಪಾಳೆ ಹೊಡೆದ್ವಿ. ಅದರ ಅರ್ಧ ಸಂಬಳ ಇರೋನೂ ನಮ್ಮಲ್ಲಿ ಒಬ್ಬನೂ ಇಲ್ಲ.

ಇನ್ನು, ಅವನು ನನ್ನ ರೂಮಲ್ಲೇ ಇರ್ತಾನೆ ಅನ್ನೋ ಪ್ಲಾನ್ ನಿನಗಿದ್ರೆ, ಬಿಡು. ಲಗ್ಗೆರೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಹೋಗಿ ಬರೋ ಹೊತ್ತಿಗೆ ತಿಪಟೂರಿಗೇ ಬಂದು ಅಮ್ಮನ ಕೈಯಡುಗೆ ಉಣ್ಣಬಹುದು. 2025ರ ಆಗಸ್ಟಿಂದ ಹಳದಿ ಲೈನ್ ಮೆಟ್ರೋ ಬೊಮ್ಮಸಂದ್ರದವರೆಗೂ ಓಡ್ತಿದೆ ನಿಜ. ಆದ್ರೆ ಅದೇ ವರ್ಷ ಫೆಬ್ರವರಿಯಲ್ಲೇ 60 ಇದ್ದ ಗರಿಷ್ಠ ಟಿಕೆಟ್ಟನ್ನ 90 ಮಾಡಿ ಕೂತಿದ್ರು. ಆಫೀಸಿಗೆ ನಡೆದು ಹೋಗೋ ದೂರದಲ್ಲಿ ಪೀಜಿ ನೋಡ್ಕೊಳ್ಳಲಿ. ಬಸ್ಸಲ್ಲಿ ಓಡಾಡಬೇಕಾದ್ರೆ ಬಿಎಂಟಿಸಿ ತಿಂಗಳ ಪಾಸ್ 1,200. ಅಕ್ಕನಿಗೆ ಮಗಳಿದ್ದಿದ್ರೆ ಶಕ್ತಿ ಯೋಜನೆಯಲ್ಲಿ ಅದೂ ಉಳೀತಿತ್ತು.

ಮುಂದೆ ರೂಮ್ ಮಾಡೋದಾದ್ರೆ ಬೇರೆ ಮೀಟರ್ ಇರೋದನ್ನೇ ಹಿಡೀಬೇಕು. ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು. ಸಬ್‌ಮೀಟರ್ ಆದ್ರೆ ಓನರ್ ಬಾಯಿಂದ ಬಂದದ್ದೇ ರೇಟು. 11 ತಿಂಗಳಿಗೆ ಅಗ್ರಿಮೆಂಟ್ ಮುಗಿಯುತ್ತೆ, ಬಾಡಿಗೆ ಏರುತ್ತೆ. ಖಾಲಿ ಮಾಡೋವಾಗ ಪೇಂಟಿಂಗ್ ಅಂತ ಅಡ್ವಾನ್ಸಲ್ಲಿ ಒಂದು ತಿಂಗಳ ಬಾಡಿಗೆ ಮುರ್ಕೊಳ್ತಾರೆ. ಗೋಡೆಗೆ ನೀನು ಬೆನ್ನು ತಾಗಿಸದೇ ಇದ್ರೂ ಅಷ್ಟೇ.

ನನ್ನ ಕೈಗೆ ಬರೋದು 26 ಸಾವಿರ. ಬಾಡಿಗೆ ನೀರು ಸೇರಿ 7,800. ಊಟ, ತಿಂಡಿ, ಗ್ಯಾಸ್‌ಗೆ 6,000. ಇದು ಅಮ್ಮ ಕಳಿಸೋ ರಾಗಿ, ಕಾಯಿ, ಸಾರಿನ ಪುಡಿ ಬಿಟ್ಟು. ಅದನ್ನೂ ಕೊಂಡು ತಿನ್ನೋದಾದ್ರೆ ಲೆಕ್ಕವೇ ಬೇರೆ. ಕೊನೆಯ ವಾರ ಕೈ ಬಿಗಿಯಾದ್ರೆ ಇಂದಿರಾ ಕ್ಯಾಂಟೀನ್, ತಿಂಡಿ 5, ಊಟ 10. ನಾಚಿಕೆ ಏನಿಲ್ಲ, ಸಾಲಲ್ಲಿ ಟೈ ಕಟ್ಟಿದವರೂ ನಿಂತಿರ್ತಾರೆ. ಪಾಸು, ಫೋನು, ಚೀಟಿ, ಊರಿಗೆ 4,000 ಎಲ್ಲ ಕಳೆದು ನಾಲ್ಕೂವರೆ ಸಾವಿರ ಉಳಿಯುತ್ತೆ. ಅದರಲ್ಲಿ ಸೋಪು, ಕ್ಷೌರ, ಹಲ್ಲುನೋವು, ಮುಯ್ಯಿ. ಸಾಲುತ್ತೆ ಕಣೋ.

ಇಷ್ಟು ಬರೆದು ಕೂಡಿಸಿ, ಟ್ಯಾಲಿ ಆಯ್ತಲ್ಲ ಅಂತ ಬೀಗಿದೆ. ಆಮೇಲೆ ನೋಡಿದ್ರೆ, ಊರಿಗೆ ಕಳಿಸೋ ಆ 4,000 ಬಿಟ್ಟು ಇಡೀ ಲೆಕ್ಕದಲ್ಲಿ ಇನ್ನೊಬ್ಬ ಮನುಷ್ಯನ ಸುಳಿವೇ ಇಲ್ಲ.

ಹಳೇ ರೂಮ್‌ಮೇಟ್‌ಗಳು ಭಾನುವಾರ ಸಿಗೋಣ ಅಂತಾರೆ. ಹೂಂ ಅನ್ನೋಕೆ ಮುಂಚೆ ಯಾವ ಹೋಟೆಲ್ಲು ಅಂತ ನೋಡ್ತೀನಿ. ಬಿಲ್ಲನ್ನ ಸಮ ಪಾಲು ಮಾಡೋ ಗುಂಪಾ, ತಿಂದಷ್ಟಕ್ಕೆ ಕೊಡೋ ಗುಂಪಾ ಅಂತ ಯೋಚಿಸ್ತೀನಿ. ಮಳೆ ಬಂದು ಕ್ಯಾನ್ಸಲ್ ಆದ್ರೆ ಗ್ರೂಪಲ್ಲಿ ಅಳೋ ಮುಖ ಹಾಕಿ, ಖುಷಿಯಾಗಿ ಮಲಗ್ತೀನಿ. ಹೋದ ವರ್ಷ ಅರಸೀಕೆರೆ ಕಡೆಯ ಸಂಬಂಧ ಬಂದಿತ್ತಲ್ಲ, ಜಾತಕ ಕೂಡಲಿಲ್ಲ ಅಂತ ಫೋನ್ ಬಂತು. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಂಗೆ ಒಳಗೊಳಗೇ ನಿರಾಳ. ಹುಡುಗಿ ಚೆನ್ನಾಗೇ ಮಾತಾಡಿದ್ಲು ಕಣೋ.

ಇನ್ನೊಂದು. ದೀಪಾವಳಿ ಕಳೆದ ಮೇಲೆ ಅಮ್ಮ, ‘ಒಂದು ತಿಂಗಳು ಬಂದು ನಿನ್ನ ಜೊತೆ ಇರ್ತೀನಿ’ ಅಂದ್ಲು. ಬಾ ಅಂದೆ. ಆದ್ರೆ ತಕ್ಷಣ ಅನ್ನಲಿಲ್ಲ. ಗ್ಯಾಸ್ ಎಷ್ಟು ದಿನ ಬರುತ್ತೆ, ಇಬ್ಬರಾದ್ರೆ ಓನರ್ ನೀರಿಗೆ ಎಷ್ಟು ಜಾಸ್ತಿ ಕೇಳ್ತಾರೆ ಅಂತ ತಲೆ ತನ್ನಷ್ಟಕ್ಕೆ ಓಡಿ, ಆಮೇಲೆ ಬಾಯಿಗೆ ಬಾ ಅನ್ನೋದು ಬಂತು. ಅಮ್ಮನಿಗೆ ಆ ಸಂದು ಕೇಳಿಸ್ತು ಅನ್ಸುತ್ತೆ. ‘ಬೇಡ ಬಿಡು, ಹಸು ಯಾರು ನೋಡ್ಕೊಳ್ತಾರೆ’ ಅಂದ್ಲು. ಹಸು ಮಾರಿ ಆರು ತಿಂಗಳಾಗಿತ್ತು.

ಒಬ್ಬನೇ ಇರೋದಕ್ಕೆ ಸಂಬಳ ಸಾಲ್ತಿದೆ ಅಂತಲೇ ಇಷ್ಟು ವರ್ಷ ಅಂದ್ಕೊಂಡಿದ್ದೆ. ಸಂಬಳ ಸಾಲಲಿ ಅಂತ ಒಬ್ಬನೇ ಇದೀನೇನೋ ಅಂತ ಈಗ ಅನುಮಾನ. ಯಾವಾಗ ಒಂದು ಇನ್ನೊಂದಾಯ್ತೋ ಗೊತ್ತಾಗಲಿಲ್ಲ.

ಥೂ, ನೀನು ಕೇಳಿದ್ದು ಹುಡುಗನ ಸಂಬಳ, ನಾನು ಹೇಳಿದ್ದು ನನ್ನ ಪುರಾಣ. ರಾತ್ರಿ ಹನ್ನೊಂದರ ಮೇಲೆ ಫೋನ್ ಕೈಗೆ ತಗೋಬಾರದು. ಓದ್ತಿರೋ ಉಳಿದವರೂ ಕೇಳಿ, ಪಾಪ ಅಂತ ಯಾರೂ ದುಡ್ಡು ಕಳಿಸೋಕೆ ಹೋಗಬೇಡಿ. ಕಳಿಸಲೇಬೇಕು ಅನ್ನೋರು ಮೇಷ್ಟ್ರಿಗೆ ಕಳಿಸಿ, ಹಳೇ ಉಪ್ಪಿಟ್ಟಿನ ಬಾಕಿ ಅವನು ನಂಗೆ ಇವತ್ತಿಗೂ ತೀರಿಸಿಲ್ಲ.

ಹುಡುಗನಿಗೆ ನನ್ನ ನಂಬರ್ ಕೊಡು. ಶನಿವಾರ ರಾತ್ರಿ ಲಗ್ಗೆರೆಗೆ ಬಂದು ಭಾನುವಾರ ಹೋಗಲಿ, ಮುದ್ದೆ ನಾನು ಕಟ್ತೀನಿ, ಪಾತ್ರೆ ಅವನು ತೊಳೀಲಿ. ಇದನ್ನ ಅಮ್ಮನ ಕಿವಿಗೆ ಹಾಕಬೇಡ. ಅಮ್ಮ ಫೇಸ್‌ಬುಕ್ಕಲ್ಲಿಲ್ಲ, ಆ ಭಯ ಇಲ್ಲ. ನಿಮ್ಮ ಮನೆಯವರು ಇದಾರೆ, ಭಯ ಇರೋದು ಅಲ್ಲೇ. ಅತ್ತಿಗೆ, ಇಲ್ಲಿವರೆಗೂ ಓದಿದ್ರೆ ದಯವಿಟ್ಟು ಹೊಸ ಜಾತಕ ಹುಡುಕೋಕೆ ಶುರು ಮಾಡಬೇಡಿ. ಮಾಡಿದ್ರೂ ಹುಡುಗಿ ಕಡೆಯವರಿಗೆ ಈ ಪತ್ರ ತೋರಿಸಬೇಡಿ.

ಇಂತಿ ನಿನ್ನ,
ಲೆಕ್ಕದಲ್ಲಿ 36 ತಗೊಂಡು ಪಾಸಾದವನು