ಶ್ರೀಚಕ್ರ ಅಚ್ಚು ಹಾಕುವ ಮುನ್ನ ಎಣಿಸಿ

ಮಾನ್ಯರೇ,

ನವರಾತ್ರಿ ಬಂತೆಂದರೆ ಕರೆಯೋಲೆ, ಫ್ಲೆಕ್ಸು, ತಾಮ್ರದ ತಗಡು ಎಲ್ಲೆಂದರಲ್ಲಿ ಶ್ರೀಚಕ್ರ, ಅಂದರೆ ತ್ರಿಕೋನಗಳನ್ನು ಹೆಣೆದ ದೇವಿಯ ಪೂಜಾಯಂತ್ರ. ಅವುಗಳಲ್ಲಿ ತಪ್ಪಿರುವವೇ ಹೆಚ್ಚು. ಮೇಲ್ಮುಖದ 4 ತ್ರಿಕೋನ ಶಿವ, ಕೆಳಮುಖದ 5 ಶಕ್ತಿ. ಈ ಒಂಬತ್ತು ಹೆಣೆದುಕೊಂಡಾಗ 43 ಸಣ್ಣ ತ್ರಿಕೋನಗಳು ಮೂಡಬೇಕು: ನಟ್ಟನಡುವಿನ ಬಿಂದುವಿನ ಸುತ್ತ 1, ಆಮೇಲೆ 8, 10, 10, ಹೊರಗೆ 14.

ಕೆಡುವುದು ಮರ್ಮಸ್ಥಾನಗಳಲ್ಲಿ. ಅಲ್ಲಿ ಎರಡು ಓರೆಗೆರೆ, ಒಂದು ಅಡ್ಡಗೆರೆ ಒಂದೇ ಬಿಂದುವಿನಲ್ಲಿ ಕೂಡಬೇಕು. ಅಡ್ಡಗೆರೆ ಕೂದಲೆಳೆಯಷ್ಟು ಸರಿದರೂ ನಡುವೆ ಬೇಡದ ಚೂರು ತ್ರಿಕೋನವೊಂದು ಹುಟ್ಟುತ್ತದೆ. ಒಂದರ ತುದಿ ಇನ್ನೊಂದರ ಬುಡಕ್ಕೆ ತಾಗುವ ರಚನೆಯಾದ್ದರಿಂದ ದೋಷ ಅಲ್ಲಿಗೇ ನಿಲ್ಲುವುದಿಲ್ಲ. ದಪ್ಪ ಗೆರೆ ಎಳೆದು ಇದನ್ನು ಮುಚ್ಚುವವರೂ ಇದ್ದಾರೆ!

ಹಳೆಯ ಕ್ರಮವೊಂದು ಸರಳವಾಗಿದೆ. ತ್ರಿಕೋನಗಳನ್ನು ಸುತ್ತುವರಿದ ವೃತ್ತದ ಲಂಬ ವ್ಯಾಸವನ್ನು 48 ಸಮಭಾಗ ಮಾಡಿ, ಮೇಲಿನಿಂದ 6, 12, 17, 20, 23, 27, 30, 36, 42ನೇ ಗುರುತುಗಳಲ್ಲಿ ಅಡ್ಡಗೆರೆ ಎಳೆಯಬೇಕು. ಮೂರನೆಯದು, ಏಳನೆಯದು ಮಾತ್ರ ವೃತ್ತ ಮುಟ್ಟುತ್ತವೆ. ಉಳಿದವುಗಳ ಎರಡೂ ತುದಿಯನ್ನು ಆಯಾ ಗೆರೆಗೆ ಆ ಕ್ರಮದಲ್ಲಿ ಹೇಳಿದ ಅಳತೆಯಷ್ಟು ಅಳಿಸಬೇಕು.

ಕಂಪ್ಯೂಟರಿನಲ್ಲಿ ಅಗಲಕ್ಕೆ ಎಳೆದು ವೃತ್ತವನ್ನು ಮೊಟ್ಟೆ ಮಾಡುವುದು ಬೇರೆಯೇ ಕಥೆ. ಹಬ್ಬದ ಪುರವಣಿಯ ವಿನ್ಯಾಸಕಾರರು ಅಚ್ಚಿಗೆ ಮೊದಲು ಹೊರಸುತ್ತಿನ 14 ಕೋನಗಳನ್ನಾದರೂ ಎಣಿಸಲಿ.

— ಓದುಗ, ಮೈಸೂರು